ಅಟ್ಟದ ಕಮಟು

ತಿಮ್ಮಕ್ಕನ ಮೂಗಿಗೆ ಊರಲ್ಲಿದ್ದ ಮರ್ಯಾದೆ ತಿಮ್ಮಕ್ಕನಿಗೇ ಇರಲಿಲ್ಲ. ಈ ಮಾತು ಅವಳ ಕಿವಿಗೆ ಬಿದ್ದರೆ ಜಗಳ ತೆಗೆದಾಳು, ಆದರೆ ಇದ್ದದ್ದು ಹಾಗೆಯೇ. ಬಾಯಿ ಜೋರು, ಕೈ ಬಿಗಿ, ಮುಂಗೋಪ ಬೇರೆ. ಹಬ್ಬ ಹರಿದಿನಕ್ಕೆ ಅವಳನ್ನು ಮನಸಾರೆ ಕರೆಯುವವರು ಕಡಿಮೆ. ಅಟ್ಟದಿಂದ ಕೊಬ್ಬರಿ ಇಳಿಸುವ ಕಾಲ ಬಂತೆಂದರೆ ಮಾತ್ರ ಶೆಟ್ಟಿಕೆರೆ ಸುತ್ತಿನವರೆಲ್ಲ ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಹೋಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏಣಿ ಹತ್ತಿ, ಅಟ್ಟದೊಳಕ್ಕೆ ತಲೆ ಹಾಕಿ ಒಮ್ಮೆ ಉಸಿರೆಳೆದುಕೊಂಡರೆ ಸಾಕು. ಇನ್ನೂ ಒಳಗೆ ನೀರಿದೆ, ತಡೀರಿ ಎನ್ನುವಳು. ಇಲ್ಲವೇ ಆ ಮೂಲೆಯಲ್ಲೊಂದು ಕಾಯಿ ಕೊಳೆತಿದೆ, ಮೊದಲು ಅದನ್ನು ತೆಗೀರಿ ಎನ್ನುವಳು. ಹೋಗಿ ನೋಡಿದರೆ ಅಲ್ಲೇ ಇರುತ್ತಿತ್ತು.

ಸಿಪ್ಪೆ ಸುಲಿಯದ ಕಾಯನ್ನು ಅಟ್ಟದ ತುಂಬ ಒಟ್ಟಿ, ಹೆಚ್ಚುಕಡಿಮೆ ವರ್ಷ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿಯವರೆಗೆ ಅಟ್ಟ ಕಲಕಬಾರದು ಎಂಬುದು ಆ ಕಡೆಯ ನಂಬಿಕೆ. ತಿಮ್ಮಕ್ಕನ ಮನೆಯಲ್ಲಿ ಅದು ಇನ್ನೂ ಬಿಗಿ. ಮನೆಯ ಹಿರಿಯಳೊಬ್ಬಳನ್ನು ಬಿಟ್ಟು ಯಾರೂ ಅಟ್ಟ ಹತ್ತುವಂತಿಲ್ಲ, ಸೊಸೆಯಂತೂ ಏಣಿಗೆ ಕೈಯೂ ಹಾಕುವಂತಿಲ್ಲ. ಇದನ್ನು ಮಾಡಿದವರು ಯಾರೆಂದು ಕೇಳಿದರೆ ತನ್ನ ಅತ್ತೆಯ ಹೆಸರು ಹೇಳುತ್ತಿದ್ದಳು. ಆ ಪುಣ್ಯಾತ್ಗಿತ್ತಿಯನ್ನು ವಿಚಾರಿಸೋಣವೆಂದರೆ ಅವಳು ಮಣ್ಣಾಗಿ ಎಷ್ಟೋ ಕಾಲವಾಗಿತ್ತು.

ಇಷ್ಟೆಲ್ಲ ಹೆಸರು ಮಾಡಿದ ಆ ಮೂಗು ಸತ್ತುಹೋಗಿತ್ತು. ಊರಿಗೆಲ್ಲ ಕೊರೊನಾ ಜ್ವರ ಬಂದ ವರ್ಷ ತಿಮ್ಮಕ್ಕನಿಗೂ ಬಂತು. ಮೈ ಕಾವು ಇಳಿಯಿತು, ಕೆಮ್ಮು ಹೋಯಿತು, ವಾಸನೆ ಮಾತ್ರ ಮರಳಲಿಲ್ಲ. ಮಿಕ್ಕವರಿಗೂ ಹಾಗೇ ಆಗಿ, ತಿಂಗಳೊಳಗೆ ಸರಿಹೋಗಿತ್ತು. ತನಗೂ ಸರಿಹೋದೀತೆಂದು ಅವಳು ಬಾಯಿ ಬಿಡದೆ ಕಾದಳು. ಕಾದು ಕಾದು ಕೊನೆಗೆ ಹೇಳುವ ಹೊತ್ತೇ ಮೀರಿತು. ಗಂಡ ಹೋದ ಮೇಲೆ ತೋಟ, ವ್ಯವಹಾರವೆಲ್ಲ ಮಗ ಕಲ್ಲೇಶನ ಕೈಗೆ ಹೋಗಿತ್ತು. ಅಡುಗೆಮನೆ ಸೊಸೆ ಅನಿತಾಳ ಪಾಲಾಗಿತ್ತು. ತಿಮ್ಮಕ್ಕನಿಗೆ ಅಂತ ಉಳಿದಿದ್ದು ಅಟ್ಟವೊಂದೇ. ಅದೂ ಹೋದರೆ ತಾನು ಊಟದ ಹೊತ್ತಿಗೆ ಕರೆದು ತಟ್ಟೆ ಕೊಡುವ ಮುದುಕಿ, ಅಷ್ಟೇ.

ಬೇರೆಯವರ ಮನೆಗೆ ಹೋಗುವುದನ್ನು ಮಂಡಿನೋವಿನ ನೆಪ ಹೇಳಿ ನಿಲ್ಲಿಸಿದಳು. ಮನೆಯೊಳಗೆ ಸಾರು ಕುದಿಯುವಾಗ ಸುಮ್ಮನೆ ಮೂಗರಳಿಸಿ, ಒಗ್ಗರಣೆಗೆ ಬೆಳ್ಳುಳ್ಳಿ ಸಾಲದು ಅನ್ನುವಳು. ಇಂಥ ಮಾತು ಯಾವತ್ತೂ ಪೂರ್ತಿ ಸುಳ್ಳಾಗುವುದಿಲ್ಲ. ಅಟ್ಟಕ್ಕೆ ಮಾತ್ರ ನಿಜವಾದ ಮೂಗು ಬೇಕಿತ್ತು. ಅದಕ್ಕೆ ಅವಳು ಮೊಮ್ಮಗಳು ಮೋನಿಕಾಳನ್ನು ಹಿಡಿದಳು.

ಮೊದಮೊದಲು ಅದೊಂದು ಆಟ. ಮಗುವಿನ ಕಣ್ಣು ಮುಚ್ಚಿ, ಜೀರಿಗೆ, ಬೆಲ್ಲ, ಸೀಗೆಪುಡಿ ಹಿಡಿದು ಏನಿದು ಹೇಳು ಎನ್ನುವುದು. ಮಗು ಒಂದೂ ತಪ್ಪು ಹೇಳುತ್ತಿರಲಿಲ್ಲ. ತನ್ನ ರಕ್ತವೇ ಎಂದು ತಿಮ್ಮಕ್ಕ ಹಿಗ್ಗಿದಳು. ಮೋನಿಕಾ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಆಟ ಏಣಿಯವರೆಗೂ ಬಂತು. ಸಂಜೆ ಅನಿತಾ ಹಸುವಿಗೆ ಹುಲ್ಲು ತರಲು ತೋಟಕ್ಕೆ ಹೋದ ಹೊತ್ತು ನೋಡಿ ಅಜ್ಜಿ ಮೊಮ್ಮಗಳು ಅಟ್ಟ ಹತ್ತುವರು. ಮಗು ಮುಂದೆ, ಅಜ್ಜಿ ಹಿಂದೆ. ಮಗು ಕಾಯಿರಾಶಿಯ ಮೇಲೆ ಅಂಬೆಗಾಲಿಟ್ಟು ಮೂಲೆ ಮೂಲೆ ಮೂಸಿ ಬಂದು ವರದಿ ಒಪ್ಪಿಸುವುದು. ಕೆಳಗಿಳಿದ ಮೇಲೆ ಬಾಯಿಗೊಂದು ಬೆಲ್ಲದ ಚೂರು. ಯಾರಿಗೂ ಹೇಳಬಾರದು ಎಂಬುದೇ ಆ ಆಟದ ರುಚಿಯಾಗಿತ್ತು ಮಗುವಿಗೆ.

ಆ ವರ್ಷ ಮಗು ಪ್ರತಿಸಲವೂ ಒಂದೇ ಮಾತು ಹೇಳುತ್ತಿತ್ತು: "ಹಳೇ ಎಣ್ಣೆ ವಾಸ್ನೆ ಬತ್ತೈತೆ ಅಜ್ಜಿ. ಎಲ್ಲಾ ಕಡೇನೂ." ತಿಮ್ಮಕ್ಕನಿಗೆ ಸಮಾಧಾನವಾಯಿತು. ಕೊಬ್ಬರಿ ಮಾಗುತ್ತಿದೆ, ಎಣ್ಣೆ ಕೂಡುತ್ತಿದೆ, ಒಂದೆರಡು ಒಡಕು ಕಾಯಿ ಕಮಟು ಹಿಡಿದಿರಬೇಕು. ಎಣ್ಣೆಯ ವಾಸನೆ ಎಂದರೆ ಕೊಬ್ಬರಿ ಮನೆಯವರಿಗೆ ಹೊಳೆಯುವುದು ಅದೊಂದೇ. ಜಿರಳೆ ಗುಂಪುಗಟ್ಟಿ ಮನೆ ಮಾಡಿದ ಕಡೆಯೂ ಹಾಗೇ ಹಳೆ ಎಣ್ಣೆಯ ಕಮಟು ಏಳುತ್ತದೆ ಎಂಬುದು ಅವಳ ಅನುಭವದಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಅವಳ ಕಾಲದಲ್ಲಿ ಅಟ್ಟದ ಕೆಳಗೆ ಸೌದೆ ಒಲೆ ಉರಿಯುತ್ತಿತ್ತು. ಅಟ್ಟಕ್ಕೆ ಹಾಸಿದ ಬಿದಿರು ದಬ್ಬೆಗಳ ಸಂದಿಯಿಂದ ಹೊಗೆ ಮೇಲೇರಿ ಕಾಯಿಗೆ ತಾಗುತ್ತಿತ್ತು, ಯಾವ ಹುಳವೂ ಅಲ್ಲಿ ನಿಲ್ಲುತ್ತಿರಲಿಲ್ಲ. ಈಗ ಅಲ್ಲಿ ಗ್ಯಾಸು, ಟೈಲ್ಸು, ಫ್ರಿಜ್ಜು. ಹೊಗೆ ಹೋದ ಮನೆಗೆ ಜಿರಳೆ ಬಂದಿತ್ತು, ಮೇಲೆ ಬೆಚ್ಚಗಿನ ಕತ್ತಲಲ್ಲಿ ಕಾಯಿನಾರಿನ ನಡುವೆ ಅದರ ಸಂಸಾರ ಬೆಳೆದಿತ್ತು.

ಗುರುತು ಹಿಡಿದವಳು ಅನಿತಾ. ಪಾತ್ರೆ ಸ್ಟ್ಯಾಂಡಿನ ಹಿಂದೆ ಕಾಫಿಪುಡಿ ಚೆಲ್ಲಿದಂತೆ ಕಪ್ಪು ಹಿಕ್ಕೆ ಕಂಡಿತು. ಫ್ರಿಜ್ಜಿನ ಬಾಗಿಲ ರಬ್ಬರಿನ ಮಡಿಕೆಯಲ್ಲಿ ಅಲಸಂದೆ ಕಾಳಿನಂಥ ಕಂದು ಗೂಡುಗಳು ಸಿಕ್ಕವು. ಒಂದನ್ನು ಒಡೆದು ನೋಡಿದರೆ ಒಳಗೆ ಸಾಲಾಗಿ ಮೊಟ್ಟೆ. ಗೋಡೆಯ ಮೇಲ್ಗಡೆ, ದಬ್ಬೆ ಸೇರುವಲ್ಲಿ ಕೊಳಕು ಕಲೆ. ಹಾಡುಹಗಲೇ ಒಂದೆರಡು ಗೋಡೆಯ ಮೇಲೆ ಓಡಾಡತೊಡಗಿದ್ದವು. ಹಗಲಲ್ಲಿ ಇಷ್ಟು ಧೈರ್ಯ ಬಂದಿದೆಯೆಂದರೆ ಒಳಗೆ ಜಾಗ ಸಾಲದಷ್ಟು ಇವೆ ಎಂದೇ ಲೆಕ್ಕ. ಅವಳು ಸಿಂಕಿನ ಕೆಳಗೆ ಒಣಗಿಸಿ ಒರೆಸಿದಳು, ಮುಸುರೆ ಬಕೆಟ್ಟಿಗೆ ಮುಚ್ಚಳ ಹಾಕಿದಳು, ಬೋರಿಕ್ ಪುಡಿಗೆ ಸಕ್ಕರೆ ಮೈದಾ ಕಲಸಿ ಮಗುವಿನ ಕೈಗೆ ಎಟುಕದ ಸಂದಿಗಳಲ್ಲಿ ಉಂಡೆ ಇಟ್ಟಳು. ಬೆಳಿಗ್ಗೆ ಸತ್ತವನ್ನು ಗುಡಿಸಿ ಎಸೆದಷ್ಟೂ ಮರುದಿನ ಅಷ್ಟೇ ಇರುತ್ತಿದ್ದವು. ಮೇಲಿನಿಂದ ಇಳಿದು ಬರುತ್ತಿವೆ, ಅಟ್ಟ ತೆಗೆದು ನೋಡಬೇಕು ಎಂದು ಅವಳು ಅತ್ತೆಗೆ ಹೇಳಿದಳು, ಗಂಡನಿಗೂ ಹೇಳಿದಳು. ವಾಸನೆ ತಲೆನೋವು ಬರುವಷ್ಟು ಇದೆ ಎಂದಳು.

ತಿಮ್ಮಕ್ಕನಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಅಂಜಿಕೆ ಇತ್ತು, ಅದನ್ನು ಅವಳು ನೋಡಲು ಹೋಗಲಿಲ್ಲ.

"ಕಂದಿಕೆರೆ ರಾಗಿ ಹೊಲದಿಂದ ಬಂದೋಳು ನೀನು, ಕೊಬ್ಬರಿ ವಾಸ್ನೆ ನಿಂಗೇನ್ ಗೊತ್ತಾಯ್ತದೆ ಬುಡು" ಎಂದಳು. "ಅದು ಕಮಟು ಕಣವ್ವ. ಕೊಬ್ಬರಿ ಮಾಗ್ತೈತೆ. ಈಗ ಕಲಕಿದ್ರೆ ವರ್ಷದ ಬೆಳೆ ಹಾಳು."

ಕಲ್ಲೇಶ ತಾಯಿಯ ಕಡೆ ನಿಂತ. ಅವನೇನು ಕೆಟ್ಟವನಲ್ಲ. ಆ ಮನೆಯಲ್ಲೇ ಹುಟ್ಟಿ ಬೆಳೆದ ಅವನ ಮೂಗಿಗೆ ಮನೆಯ ವಾಸನೆ ವಾಸನೆಯೇ ಅಲ್ಲ. ಅವ್ವ ಮೂಸಿ ಹೇಳಿದ ಮೇಲೆ ಮುಗಿಯಿತು ಎಂಬುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಅನಿತಾ ಮತ್ತೆ ಬೋರಿಕ್ ಉಂಡೆ ಕಲಸಲು ಹೋದಳು.

ಮಗುವಿಗೆ ಕೆಮ್ಮು ಶುರುವಾಗಿ, ಹೋಗಲೇ ಇಲ್ಲ. ಮಳೆಗಾಲದ ಶೀತ ಎಂದರು, ನಾರಿನ ಧೂಳು ಎಂದರು, ಕಷಾಯ ಕುಡಿಸಿದರು. ಶಾಲೆಯಲ್ಲಿ ಓಡಾಡುವಾಗ ಉಸಿರು ಕಟ್ಟಿ ಕೂರುತ್ತಾಳೆಂದು ಟೀಚರು ಹೇಳಿಕಳಿಸಿದರು. ಎದೆಯಲ್ಲಿ ಸುಯ್ಯೆಂದು ಸದ್ದು. ತಿಪಟೂರಿನ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ತಿಮ್ಮಕ್ಕನೂ ಹೋದಳು. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಉಬ್ಬಸದ ಲಕ್ಷಣ ಎಂದು ಹೇಳಿ, ಮನೆಯ ವಿಚಾರ ಕೇಳತೊಡಗಿದರು. ನಾಯಿ ಬೆಕ್ಕು ಇದೆಯೇ, ಯಾರಾದರೂ ಬೀಡಿ ಸೇದುತ್ತಾರೆಯೇ, ಜಿರಳೆ ಇದೆಯೇ. ಜಿರಳೆಯ ಹಿಕ್ಕೆ, ಉದುರಿದ ಸಿಪ್ಪೆ, ರೆಕ್ಕೆಯ ಚೂರು ಎಲ್ಲ ಪುಡಿಯಾಗಿ ಗಾಳಿಗೆ ಸೇರುತ್ತದೆ, ಕೆಲವು ಮಕ್ಕಳ ಎದೆಗೆ ಅದು ವಿಷವಿದ್ದಂತೆ ಎಂದು ಬಿಡಿಸಿ ಹೇಳಿದರು.

ಅನಿತಾ ಬಾಯಿ ತೆರೆಯುವ ಮೊದಲೇ ತಿಮ್ಮಕ್ಕ ಉತ್ತರ ಕೊಟ್ಟಳು. ಎಲ್ಲರ ಮನೆಯಲ್ಲಿ ಇರುವಂತೆ ಅಡುಗೆಮನೆಯಲ್ಲಿ ಒಂದೆರಡು ಇದ್ದವು, ಔಷಧಿ ಇಟ್ಟು ಸಾಯಿಸಿದ್ದೇವೆ, ಮಗು ಇರುವ ಕಡೆ ಅಂಥದ್ದೇನೂ ಇಲ್ಲ. ಅನಿತಾ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಕಲ್ಲೇಶ ಹೌದೆಂಬಂತೆ ತಲೆಯಾಡಿಸಿದ. ಡಾಕ್ಟರಮ್ಮ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪ್ ಬರೆದುಕೊಟ್ಟರು.

ಆ ಸುಳ್ಳು ತಿಮ್ಮಕ್ಕನಿಗೆ ಆಗಿನ್ನೂ ಸುಳ್ಳೆಂದು ಗೊತ್ತಿರಲಿಲ್ಲ, ಅಥವಾ ಗೊತ್ತಾಗದ ಹಾಗೆ ಅವಳು ನೋಡಿಕೊಂಡಿದ್ದಳು. ಗೊತ್ತಾದದ್ದು ಊರಿಗೆ ಮರಳಿದ ಮರುವಾರ. ಮನೆಯಲ್ಲಿ ಯಾರೂ ಇಲ್ಲದಾಗ, ಮಗುವನ್ನು ಕರೆಯದೆ, ಟಾರ್ಚು ಹಿಡಿದು ಒಬ್ಬಳೇ ಅಟ್ಟ ಹತ್ತಿದಳು. ಡಾಕ್ಟರಮ್ಮ ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹಿಂದಿನ ಮೂಲೆಯಲ್ಲಿ ಒಂದು ಕಾಯನ್ನು ಎತ್ತಿದಳು. ಎತ್ತಿದ ಜಾಗ ಮಿಸುಕಾಡಿತು. ಕಂದು ಬಣ್ಣದ ದೊಡ್ಡವು, ಬಿಳಿಚಿಕೊಂಡ ಎಳೆಯವು, ಮೊಟ್ಟೆಗೂಡು ಹಿಂದೆ ಸಿಕ್ಕಿಸಿಕೊಂಡವು, ಬೆಳಕಿಗೆ ಹೆದರಿ ಎಲ್ಲ ದಿಕ್ಕಿಗೂ ಹರಿದವು. ಇನ್ನೊಂದು ಕಾಯಿ ಎತ್ತಿದಳು, ಅಲ್ಲೂ ಅಷ್ಟೇ. ಕೈ ಹಾಕಿದಲ್ಲೆಲ್ಲ ಹಿಕ್ಕೆ, ಸಿಪ್ಪೆ, ರೆಕ್ಕೆ. ಬೆರಳಿಗೆ ಹತ್ತಿದ್ದನ್ನು ಮೂಗಿನ ಹತ್ತಿರ ತಂದಳು. ಏನೂ ಇಲ್ಲ. ಮಗು ಇದರ ಮೇಲೆ ಮಂಡಿಯೂರಿ, ಮುಖ ಹತ್ತಿರ ತಂದು ಉಸಿರೆಳೆದಿತ್ತು, ಒಂದು ಸಲವಲ್ಲ, ವಾರ ವಾರವೂ. ತಿಮ್ಮಕ್ಕ ಅಲ್ಲೇ ಕಾಯಿಗಳ ಮೇಲೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಅತ್ತು ಮುಗಿಸಿ ಕೆಳಗಿಳಿದು ಮಗನಿಗೆ ನಿಜ ಹೇಳಿದ್ದರೆ ಈ ಕತೆ ಇಲ್ಲಿಗೇ ನಿಲ್ಲುತ್ತಿತ್ತು. ಅವಳು ಹೇಳಲಿಲ್ಲ. ಯಾರಿಗೂ ತಿಳಿಯದ ಹಾಗೆ ತಾನೇ ಸರಿಮಾಡಿಬಿಡುತ್ತೇನೆ, ಆಮೇಲೆ ಮಗುವನ್ನು ಅಟ್ಟದ ಕಡೆ ಬಿಡುವುದೇ ಇಲ್ಲ ಎಂದುಕೊಂಡಳು. ಕೊಬ್ಬರಿಗೆ ಸ್ಪ್ರೇ ಹೊಡೆಯುವಂತಿಲ್ಲ, ಔಷಧಿ ಹೀರಿದ ಕೊಬ್ಬರಿಯನ್ನು ಮನುಷ್ಯರು ತಿನ್ನುವುದು ಹೇಗೆ. ಅವಳಿಗೆ ತಿಳಿದಿದ್ದು ಒಂದೇ ಔಷಧಿ, ಹೊಗೆ. ಬೇವಿನ ಸೊಪ್ಪು, ಕಾಯಿ ಸಿಪ್ಪೆ, ಲಕ್ಕಿ ಸೊಪ್ಪು ಹಾಕಿ ಹಳೆ ಕಾಲದ ಹಾಗೆ ಒಂದು ಹೊತ್ತು ಹೊಗೆ ಕೂಡಿಸಿದರೆ ಎಲ್ಲ ಓಡಿಹೋಗುತ್ತವೆ.

ಒಂದು ಮಧ್ಯಾಹ್ನ ಅನಿತಾ ಹಾಲಿನ ಡೈರಿಯ ಮೀಟಿಂಗಿಗೆ ಹೋದಳು. ಕಲ್ಲೇಶ ಮೋಟಾರು ರಿಪೇರಿಗೆಂದು ಚಿಕ್ಕನಾಯಕನಹಳ್ಳಿಗೆ ಹೋಗಿದ್ದ. ಮೋನಿಕಾಗೆ ಸಣ್ಣ ಜ್ವರ, ಶಾಲೆಗೆ ಹೋಗದೆ ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ತಿಮ್ಮಕ್ಕ ಕೋಣೆಯ ಬಾಗಿಲು ಮುಂದೆ ಮಾಡಿ, ಸಂದಿಗೆ ಗೋಣಿಚೀಲ ತುರುಕಿ, ಅಡುಗೆಮನೆಯಲ್ಲಿ ಕಬ್ಬಿಣದ ಬಾಣಲೆಗೆ ಕೆಂಡ ಹಾಕಿ ಹೊಗೆ ಎಬ್ಬಿಸಿದಳು. ಹೊಗೆ ನೆಟ್ಟಗೆ ಮೇಲೇರುವುದನ್ನು ಕಣ್ಣಿಂದ ನೋಡಿದಳು. ದಬ್ಬೆಗಳ ಸಂದಿಯಿಂದ ಜಿರಳೆಗಳು ಉದುರತೊಡಗಿದವು, ಗೋಡೆಯುದ್ದಕ್ಕೂ ಇಳಿದವು. ಅವಳು ಪೊರಕೆ ಹಿಡಿದು ಬಡಿದಳು, ಹಿತ್ತಲಿಗೆ ಗುಡಿಸಿದಳು, ಇನ್ನೂ ಸೊಪ್ಪು ಹಾಕಿದಳು. ಅವಳಿಗೆ ಗೆಲುವೆನಿಸಿತು.

ಅಟ್ಟ ಇಡೀ ಮನೆಗೆ ಒಂದೇ ಎಂಬುದನ್ನು ಅವಳು ಮರೆತಿದ್ದಳು. ಅಡುಗೆಮನೆಯಿಂದ ಏರಿದ ಹೊಗೆ ಅಟ್ಟದೊಳಗೇ ಹರಿದು ಕೋಣೆಯ ಮೇಲಿನ ಸಂದಿಗಳಿಂದ ಮಗುವಿನ ಮೇಲೆ ಇಳಿಯುತ್ತಿತ್ತು. ಹೊಗೆಯ ಜೊತೆ ಜಿರಳೆಯೂ. ಮೂಗಿದ್ದ ಯಾರಿಗೇ ಆಗಲಿ, ನಡುಮನೆಗೆ ಕಾಲಿಟ್ಟ ಕೂಡಲೇ ಹೊಗೆ ಈ ಕಡೆಗೂ ಬಂದಿದೆಯೆಂದು ತಿಳಿಯುತ್ತಿತ್ತು. ತಿಮ್ಮಕ್ಕ ನೀರು ಕುಡಿಯಲು ನಡುಮನೆಗೆ ಎರಡು ಸಲ ಬಂದು ಹೋದಳು. ಮುಚ್ಚಿದ ಬಾಗಿಲನ್ನು ನೋಡಿ, ಮಗು ನಿದ್ದೆ ಮಾಡುತ್ತಿದೆ ಎಂದುಕೊಂಡಳು.

ಬಾಗಿಲು ತೆಗೆದದ್ದು ಪಕ್ಕದ ಮನೆಯ ಚಿಕ್ಕಗಂಗಮ್ಮ. ಹೆಂಚಿನ ಸಂದಿಯಿಂದ ಹೊಗೆ ಬರುವುದು ಕಂಡು, ಬೆಂಕಿ ಬಿತ್ತೆಂದು ಓಡಿ ಬಂದಿದ್ದಳು. ಮಗು ಹಾಸಿಗೆ ಬಿಟ್ಟು ಕಿಟಕಿಯ ಕೆಳಗೆ ಮುದುಡಿ ಕೂತಿತ್ತು. ತುಟಿ ಕಪ್ಪಾಗಿತ್ತು, ಉಸಿರೆಳೆದಾಗ ಪಕ್ಕೆಗಳ ನಡುವೆ ಗುಳಿ ಬೀಳುತ್ತಿತ್ತು. ಕೂಗಿಕೊಳ್ಳಲು ಅದಕ್ಕೆ ಉಸಿರೇ ಇರಲಿಲ್ಲ. ಪಂಪ್ ಎಲ್ಲಿದೆ ಎಂದು ತಿಮ್ಮಕ್ಕನಿಗೆ ನೆನಪಾಗಲಿಲ್ಲ. ಯಾರದೋ ಗೂಡ್ಸ್ ಆಟೋದಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ತಿಪಟೂರಿಗೆ ಹೋದಳು. ದಾರಿಯುದ್ದಕ್ಕೂ ಗೊತ್ತಿದ್ದ ದೇವರನ್ನೆಲ್ಲ ಕರೆದಳು, ನನ್ನ ಉಸಿರು ತಗೊಂಡು ಇವಳಿಗೆ ಕೊಡಪ್ಪಾ ಎಂದು ಬೇಡಿಕೊಂಡಳು.

ಮಗು ಉಳಿಯಿತು. ಮುಖಕ್ಕೆ ಮಾಸ್ಕ್ ಹಾಕಿ, ಕೈಗೆ ಸೂಜಿ ಚುಚ್ಚಿ, ಅಂತೂ ಸಂಜೆ ಹೊತ್ತಿಗೆ ತುಟಿಯ ಬಣ್ಣ ತಿರುಗಿತು. ಎದೆ ಮಾತ್ರ ಇನ್ನು ಮೊದಲಿನ ಹಾಗಾಗುತ್ತದೆಂದು ಹೇಳಲಿಕ್ಕಾಗದು, ಬಹಳ ವರ್ಷ ಜೋಪಾನ ಮಾಡಬೇಕು ಎಂದು ಡಾಕ್ಟರಮ್ಮ ಹೇಳಿದರು. ಯಾಕೆ ಹೊಗೆ ಹಾಕಿದಿರಿ ಎಂದು ಕೇಳಿದರು. ಸುದ್ದಿ ತಿಳಿದು ಓಡಿ ಬಂದಿದ್ದ ಮಗ ಸೊಸೆ ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಆಗ ಅವಳ ಬಾಯಿಂದ ಎಲ್ಲ ಬಂತು.

"ನಂಗೆ ವಾಸ್ನೆ ಬರಲ್ಲ ಕಣಪ್ಪ. ಆ ಜ್ವರ ಬಂದಾಗ್ಲಿಂದ ಏನೂ ಬರಲ್ಲ. ಅಟ್ಟದ ತುಂಬಾ ಜಿರ್ಲೆ ಐತೆ. ಮೂಸಿ ನೋಡಕ್ಕೆ ಅಂತ ಮಗೂನ ನಾನೇ ಹತ್ತಿಸ್ತಿದ್ದೆ."

ಕಲ್ಲೇಶ ಗೋಡೆಗೆ ಕೈಕೊಟ್ಟು ನಿಂತ. ಅನಿತಾ ಮಗುವಿನ ಕಾಲು ನೀವುತ್ತ ಕೂತಿದ್ದಳು. ಆಮೇಲೆ ದನಿ ಎತ್ತದೆ ಹೇಳಿದಳು.

"ನನ್ನ ಕರೀಬೋದಿತ್ತಲ್ಲ ಅತ್ತೆ. ನಾನೇ ಮೂಸಿ ಹೇಳ್ತಿದ್ದೆ. ಯಾರ್ಗೂ ಹೇಳ್ತಿರ್ಲಿಲ್ಲ."

ಬೈದಿದ್ದರೆ ತಿಮ್ಮಕ್ಕ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲು ಅವಳಿಂದಾಗಲಿಲ್ಲ.

ಆಸ್ಪತ್ರೆಯಿಂದ ಅನಿತಾ ಮಗುವನ್ನು ಕರೆದುಕೊಂಡು ನೆಟ್ಟಗೆ ಕಂದಿಕೆರೆಯ ತವರಿಗೆ ಹೋದಳು. ಕಲ್ಲೇಶ ಆಳು ಕರೆಸಿ ಮಾಗದ ಕಾಯನ್ನೆಲ್ಲ ಇಳಿಸಿದ, ಅಂಗಳದಲ್ಲಿ ಒಂದೊಂದೇ ಬಡಿದು, ಕೆಟ್ಟದ್ದನ್ನು ಸುಟ್ಟ. ಅಟ್ಟದ ದಬ್ಬೆ ಕಿತ್ತುಹಾಕಿಸಿದ, ಗೋಡೆಯ ಸಂದಿಗಳಿಗೆ ಸಿಮೆಂಟು ಮೆತ್ತಿಸಿದ, ಮೂಲೆಗಳಿಗೆ ಜಿರಳೆ ಸಾಯಿಸುವ ಜೆಲ್ ಹಚ್ಚಿಸಿದ. ಇನ್ನು ಮೇಲೆ ಕೊಬ್ಬರಿಯೇ ಬೇಡ, ತೋಟದಲ್ಲೇ ಹಸಿಕಾಯಿ ಕೊಟ್ಟುಬಿಡುವುದು ಎಂದ. ಅಟ್ಟವೇ ಇಲ್ಲದ ಮನೆಯಲ್ಲಿ ತಿಮ್ಮಕ್ಕನಿಗೆ ಆಶ್ಚರ್ಯವಾದದ್ದು ಒಂದೇ, ಅದಿಲ್ಲದ್ದು ತನಗೆ ಏನೂ ಅನ್ನಿಸದಿದ್ದದ್ದು. ಅವಳಿಗೆ ಬೇಕಾಗಿದ್ದುದು ಮಗು ಮನೆಗೆ ಬರುವುದು.

ಮನೆ ಪೂರ್ತಿ ಶುದ್ಧವಾಗದೆ ಕರೆತರುವುದಿಲ್ಲ ಎಂದು ಅನಿತಾ ಹೇಳಿದ್ದಳು. ನ್ಯಾಯವಾದ ಮಾತು. ತಿಮ್ಮಕ್ಕ ಬಿಸಿನೀರಿಗೆ ಸೋಡಾ ಹಾಕಿ ಗೋಡೆ ಉಜ್ಜಿದಳು, ಡಬ್ಬಿಗಳನ್ನೆಲ್ಲ ಬಿಸಿಲಿಗಿಟ್ಟಳು, ಫ್ರಿಜ್ಜು ಸರಿಸಿ ಅದರ ಹಿಂಭಾಗವನ್ನು ಕಡ್ಡಿಯಿಂದ ಕೆರೆದಳು, ರಟ್ಟಿನ ಪೆಟ್ಟಿಗೆ ಹಳೆ ಪೇಪರು ಒಂದೂ ಉಳಿಯದಂತೆ ಸುಟ್ಟಳು. ಕೆಲವು ವಾರ ಕಳೆಯುವುದರಲ್ಲಿ ಒಂದು ಜಿರಳೆಯೂ ಕಣ್ಣಿಗೆ ಬೀಳದಾಯಿತು. ಅನಿತಾ ಆಗಾಗ ಬಟ್ಟೆಬರೆ ಒಯ್ಯಲು ಬರುತ್ತಿದ್ದಳು. ಬಂದವಳು ಕೋಣೆ ಕೋಣೆಗೂ ಹೋಗಿ, ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡು, "ಇನ್ನೂ ಐತೆ ಅತ್ತೆ" ಎಂದು ಹೇಳಿ ಹೋಗುತ್ತಿದ್ದಳು. ತಿಮ್ಮಕ್ಕ ಮತ್ತೆ ತೊಳೆಯುತ್ತಿದ್ದಳು.

ದೀಪಾವಳಿ ಹತ್ತಿರ ಬಂದಾಗ ಅವಳು ಚಿಕ್ಕಗಂಗಮ್ಮನನ್ನು ಕರೆದು, ಎಲ್ಲಿ ಉಳಿದಿದೆ ತೋರಿಸು ಎಂದು ಬೇಡಿಕೊಂಡಳು. ಚಿಕ್ಕಗಂಗಮ್ಮ ಮನೆಯೆಲ್ಲ ಸುತ್ತಿ, ಮೂಲೆಯಲ್ಲಿ ಬಗ್ಗಿ, ಕಪಾಟಿನೊಳಗೆ ಮುಖ ಹಾಕಿ ನೋಡಿದಳು.

"ಏನೂ ಇಲ್ಲ ಕಣೇ ತಿಮ್ಮಕ್ಕ. ಸೋಪಿನ ವಾಸ್ನೆ ಬಿಟ್ರೆ ಏನೂ ಇಲ್ಲ. ಯಾವತ್ತೋ ಹೋಗೈತೆ."

ಮರುದಿನ ಅನಿತಾ ಮಗುವಿನ ಸ್ವೆಟರ್ ಒಯ್ಯಲು ಬಂದಳು. ತಿಮ್ಮಕ್ಕ ಬಾಗಿಲ ಪಕ್ಕ ಸರಿದು ನಿಂತಳು. ಅನಿತಾ ಅಡುಗೆಮನೆ ನೋಡಿದಳು, ನಡುಮನೆ ನೋಡಿದಳು, ಮಗು ಮಲಗುತ್ತಿದ್ದ ಕೋಣೆಯ ಹೊಸ್ತಿಲಲ್ಲಿ ನಿಂತು ಉಸಿರೆಳೆದುಕೊಂಡಳು. ಆಮೇಲೆ ತಿರುಗಿ, ಅತ್ತೆಯ ಮುಖವನ್ನು ನೇರವಾಗಿ ನೋಡುತ್ತ, ಇನ್ನೂ ಇದೆ ಎಂದಳು.

ಅವಳು ಸುಳ್ಳು ಹೇಳುತ್ತಿದ್ದಾಳೆಂದು ತಿಮ್ಮಕ್ಕನಿಗೆ ಗೊತ್ತಾಯಿತು. ತನಗೆ ಗೊತ್ತಾಗಿರುವುದು ಅವಳಿಗೂ ಗೊತ್ತಾಯಿತೇನೋ. ಮಗುವನ್ನು ಈ ಮುದುಕಿಯ ಕೈಗೆ ಇನ್ನೆಂದೂ ಕೊಡುವುದಿಲ್ಲ ಎಂಬುದನ್ನು ಸೊಸೆ ಅದಕ್ಕಿಂತ ಮರ್ಯಾದೆಯಾಗಿ ಹೇಳಲು ಸಾಧ್ಯವಿರಲಿಲ್ಲ. ತಿಮ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಗ್ಲಿ ಕಣವ್ವ" ಎಂದಳು. "ಇನ್ನೊಂದ್ಸಲ ತೊಳೀತೀನಿ."

ಅನಿತಾ ಸ್ವೆಟರ್ ಮಡಿಚಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟಳು. ತಿಮ್ಮಕ್ಕ ಒಲೆಯ ಮೇಲೆ ನೀರಿಟ್ಟಳು.